ಗಾಯಕ್ಕೂ ಕರೆಂಟಿಗೂ ಏನ್ ನೆಂಟಸ್ತಿಕೆ?

ಪ್ರಶ್ನೆ: ಕೊನೆಕೊಯ್ಲು ಟೈಮಲ್ಲಿ ಅಡಿಕೆ ಸುಲೀತಾ ಮೆಟ್ಟುಗತ್ತಿ ತಾಗಿ ಹೆಬ್ಬೆರಳು ಕುಯ್ದೋಯ್ತು. ಹದಿನೈದು ದಿನದಲ್ಲಿ ಕೂಡ್ಕೊಳ್ತು, ಬೆರಳಿನ ಗೆರೆ ಸಮೇತ ಮೊದಲಿನ ಹಾಗೇ ಇದೆ. ಪಿಯುಸಿ ಓದೋ ಮಗಳು "ಅಪ್ಪಾ, ಚರ್ಮದ ಕೋಶಕ್ಕೆ ದಾರಿ ತೋರ್ಸಿದ್ದು ಕರೆಂಟು" ಅಂತಾಳೆ. ತಮಾಷೆನಾ? (ಹೊಸನಗರ ಕಡೆಯ ಓದುಗರು)

ತಮಾಷೆ ಅಲ್ಲ ಸ್ವಾಮಿ, ಅವಳು ಹೇಳಿದ್ದು ಬಹುಪಾಲು ಸರಿ. ಆದ್ರೆ ಇದು ಕಂಬದಿಂದ ಬರೋ ಕರೆಂಟಲ್ಲ, ಗಾಳಿ-ಮಳೆ ಬಂತು ಅಂತ ಹೋಗೋದೂ ಇಲ್ಲ. ತಂತಿಯಲ್ಲಿ ಓಡೋದು ಎಲೆಕ್ಟ್ರಾನು, ಮೈಯಲ್ಲಿ ಓಡೋದು ಉಪ್ಪಿನ ಅಯಾನುಗಳು, ಅಂದ್ರೆ ಚಾರ್ಜ್ ಹೊತ್ತ ಕಣಗಳು, ಸೋಡಿಯಂ, ಪೊಟ್ಯಾಶಿಯಂ, ಕ್ಲೋರೈಡ್ ಇಂಥವು. ಪ್ರತಿ ಕೋಶದ ಪೊರೆಯಲ್ಲೂ ಒಂದು ಪಂಪ್ ಇದೆ, ಹಗಲೂ ರಾತ್ರಿ ಮೂರು ಸೋಡಿಯಂ ಹೊರಗೆ ಹಾಕಿ ಎರಡು ಪೊಟ್ಯಾಶಿಯಂ ಒಳಗೆ ಎಳ್ಕೊಳ್ತಾ ಇರತ್ತೆ. ಇದನ್ನ ಕಂಡುಹಿಡಿದ ಡೆನ್ಮಾರ್ಕಿನ ಯೆನ್ಸ್ ಸ್ಕೌಗೆ 1997ರಲ್ಲಿ ನೊಬೆಲ್ ಬಂತು, ಅವ್ರು ಪೇಪರ್ ಬರ್ದಿದ್ದು 1957ರಲ್ಲಿ, ನಲವತ್ತು ವರ್ಷ ಕಾಯ್ಬೇಕಾಯ್ತು ಪಾಪ. ಈ ಪಂಪಿಂದ, ಜೊತೆಗೆ ಪೊರೆಯಲ್ಲಿರೋ ಸಣ್ಣ ಸಣ್ಣ ತೂಬುಗಳಿಂದ ಪೊಟ್ಯಾಶಿಯಂ ಸೋರೋದ್ರಿಂದ, ಕೋಶದ ಒಳಗೆ ಹೊರಗಿಗಿಂತ ನೆಗೆಟಿವ್ ಆಗಿರತ್ತೆ. ನರಕೋಶದಲ್ಲಿ ಸುಮಾರು 70 ಮಿಲಿವೋಲ್ಟ್. ಗಡಿಯಾರಕ್ಕೆ ಹಾಕೋ ಸೆಲ್ 1500 ಮಿಲಿವೋಲ್ಟ್ ಅಂತ ನೆನಪಿಟ್ಕೊಂಡ್ರೆ ಎಷ್ಟು ಚಿಕ್ಕದು ಅಂತ ಗೊತ್ತಾಗತ್ತೆ.

ಈಗ ನಿಮ್ಮ ಬೆರಳಿಗೆ ಬರೋಣ. ಚರ್ಮ ಬರೀ ಹೊದಿಕೆ ಅಲ್ಲ, ಇಡೀ ಹಾಳೆನೇ ಒಂದು ಬ್ಯಾಟರಿ, ಸೋಡಿಯಮ್ಮನ್ನ ಒಳಮುಖವಾಗಿ ತಳ್ತಾನೇ ಇರತ್ತೆ, ಹಾಗಾಗಿ ಚರ್ಮದ ಒಳಪದರ ಪಾಸಿಟಿವ್, ಮೇಲ್ಮೈ ನೆಗೆಟಿವ್. ನೀರು ತುಂಬಿದ ಗದ್ದೆ ಅಂದ್ಕೊಳ್ಳಿ. ಮೆಟ್ಟುಗತ್ತಿ ತಾಗಿದ್ದು ಅಂದ್ರೆ ಗದ್ದೆ ಅಂಚು ಒಡ್ದ ಹಾಗೆ. ಅಷ್ಟೊತ್ತು ನಿಂತಿದ್ದ ನೀರು ಒಡೆದ ಜಾಗದ ಕಡೆಗೇ ನುಗ್ಗತ್ತೆ, ಎಲ್ಲಿ ಒಡೆದಿದೆ ಅಂತ ಹುಡುಕೋಕೆ ಟಾರ್ಚ್ ಬೇಡ, ಹರಿವಿನ ಜೊತೆ ನಡೆದ್ರೆ ಸಾಕು. ಚರ್ಮದ ಕೋಶಗಳು ಮಾಡೋದೂ ಅದನ್ನೇ. ಗಾಯದ ನಡುವೆ ನೆಗೆಟಿವ್ ಧ್ರುವ ಆಗತ್ತೆ, ಅಂಚಿನಲ್ಲಿರೋ ಕೋಶಗಳು ಅದರ ಕಡೆಗೆ ತೆವಳ್ತಾ ಹೋಗಿ ಮುಚ್ತವೆ. ಮುಚ್ಚಿದ ಮೇಲೆ ಸೋರಿಕೆ ನಿಲ್ಲತ್ತೆ, ಕರೆಂಟೂ ನಿಲ್ಲತ್ತೆ, ಕೆಲಸ ಮುಗೀತು ಅಂತ ಬೇರೆ ಯಾರೂ ಬಂದು ಹೇಳ್ಬೇಕಿಲ್ಲ.

ಇದು ಹಳೇ ಸಂಗತಿ. 1840ರ ದಶಕದಲ್ಲೇ ಜರ್ಮನಿಯ ಎಮಿಲ್ ಡು ಬೊಯಿಸ್-ರೇಮಂಡ್ ಅನ್ನೋರು ತಮ್ಮ ಬೆರಳನ್ನೇ ಕುಯ್ಕೊಂಡು ಗಾಯದಿಂದ ಕರೆಂಟ್ ಬರೋದನ್ನ ಅಳೆದಿದ್ರು (ನೀವು ಕುಯ್ಕೊಂಡಿದ್ದಕ್ಕೂ ಒಂದು ಪರಂಪರೆ ಇದೆ ನೋಡಿ). ಆಮೇಲೆ ಎಲ್ರೂ ಮರೆತೇಬಿಟ್ರು. 2006ರಲ್ಲಿ ಮಿನ್ ಝಾವೋ ಮತ್ತು ಜೊತೆಗಾರರು ಲ್ಯಾಬಲ್ಲಿ ಗಾಯಕ್ಕೆ ಹೊರಗಿಂದ ಉಲ್ಟಾ ದಿಕ್ಕಲ್ಲಿ ಕರೆಂಟ್ ಕೊಟ್ಟು ನೋಡಿದ್ರು, ಕೋಶಗಳು ಗಾಯ ಬಿಟ್ಟು ಹಿಂದಕ್ಕೆ ಹೋದ್ವು. ರಾಸಾಯನಿಕ ಸಂಕೇತಗಳೂ ಇರ್ತವೆ, ಅವನ್ನ ಅಲ್ಲಗಳೆಯೋ ಹಾಗಿಲ್ಲ, ಆದ್ರೆ ದಿಕ್ಕು ಹೇಳೋ ವಿಷಯದಲ್ಲಿ ಕರೆಂಟ್ ಮಾತೇ ಮೇಲಾಯ್ತು.

ಪ್ರಶ್ನೆ: ಹಲ್ಲಿ ಬಾಲ ಬಿದ್ರೆ ಬಾಲವೇ ಬೆಳೆಯತ್ತೆ, ತಲೆ ಯಾಕೆ ಬೆಳೆಯಲ್ಲ? ಎಲ್ಲಾ ಜೀನಲ್ಲಿ ಬರ್ದಿದೆ ಅಂತಾರಲ್ಲ, ಅಷ್ಟೇನಾ? (ಸಾಗರದ ವಿದ್ಯಾರ್ಥಿ)

ಅಷ್ಟೇ ಅಲ್ಲ ಅನ್ನೋದೇ ಇತ್ತೀಚಿನ ಸೋಜಿಗ. ಹಲ್ಲಿ ಬಾಲ ಅಂತೂ ಪೂರ್ತಿ ನಕಲೂ ಅಲ್ಲ, ಹೊಸ ಬಾಲದೊಳಗೆ ಮೂಳೆಮಣಿಗಳ ಬದಲು ಮೆತ್ತನೆಯ ಮೃದ್ವಸ್ಥಿಯ ಕೊಳವೆ ಇರತ್ತೆ. ಇನ್ನೂ ದೊಡ್ಡ ಕುಳ ಬೇರೆ ಇದೆ. ಜಡಿಮಳೆಯಲ್ಲಿ ತೋಟದ ಸೋಗೆ ಎತ್ತಿದ್ರೆ ಅಡಿಯಲ್ಲಿ ಲೋಳೆಲೋಳೆಯಾಗಿ, ರಿಬ್ಬನ್ ಥರ ಉದ್ದಕ್ಕೆ, ತಲೆ ಅರ್ಧಚಂದ್ರದ ಹಾಗೆ ಅಗಲ ಆಗಿರೋ ಹುಳ ಸಿಗತ್ತಲ್ಲ, ಎರೆಹುಳ ಹಿಡ್ದು ತಿನ್ನೋದು? ಅದು ಪ್ಲನೇರಿಯಾ ಬಳಗದ್ದು, ಅಂದ್ರೆ ತುಂಡು ಮಾಡಿದ್ರೂ ಮತ್ತೆ ಬೆಳೆಯೋ ಚಪ್ಪಟೆ ಹುಳಗಳ ಗುಂಪು. ಚಿಕ್ಕವರಿದ್ದಾಗ ನಾವು ಕತ್ತಿಯಲ್ಲಿ ಎರಡು ತುಂಡು ಮಾಡಿ ಸತ್ತೋಯ್ತು ಅಂದ್ಕೊಂಡು ಹೋಗ್ತಿದ್ವಿ, ಅದು ಸತ್ತಿರ್ತಿರ್ಲಿಲ್ಲ ಅಂತ ಈಗ ಅನ್ಸತ್ತೆ. ಇದರ ನೀರಿನ ನೆಂಟನನ್ನ ತಗೊಂಡು ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿ ಮೈಕಲ್ ಲೆವಿನ್ ತಂಡ ಒಂದು ಪ್ರಯೋಗ ಮಾಡ್ತು. ತಲೆ-ಬಾಲ ಎರಡೂ ಕತ್ತರಿಸಿ ನಡುವಿನ ತುಂಡನ್ನ, ಕೋಶ ಕೋಶಗಳ ನಡುವೆ ವಿದ್ಯುತ್ ಸಂಕೇತ ಹಾಯೋ ಕಿಂಡಿ ಮುಚ್ಚೋ ಔಷಧದಲ್ಲಿ ಸ್ವಲ್ಪ ಕಾಲ ಇಟ್ರು. ಎರಡು ಕಡೆನೂ ತಲೆ! ಮಜಾ ಇರೋದು ಇಲ್ಲಿಂದ ಮುಂದೆ. ಔಷಧ ತೆಗ್ದು, ವಾರಗಳ ಮೇಲೆ ಅದೇ ಹುಳನ್ನ ಬರೀ ನೀರಲ್ಲಿ ಮತ್ತೆ ಕತ್ತರಿಸಿದ್ರೆ ಮತ್ತೂ ಎರಡು ತಲೆ. ಜೀನಿನಲ್ಲಿ ಒಂದಕ್ಷರವೂ ಬದಲಾಗಿರ್ಲಿಲ್ಲ. ಎಷ್ಟು ತಲೆ ಬೇಕು ಅನ್ನೋ ನೆನಪು ಕೋಶಗಳ ವೋಲ್ಟೇಜಿನಲ್ಲಿ ಕೂತಿತ್ತು ಅಂತ ಅವ್ರು ಹೇಳ್ತಾರೆ.

2011ರಲ್ಲಿ ಅದೇ ಕಡೆಯವರು ಗೊದಮೊಟ್ಟೆಯ ಕರುಳಿನ ಕೆಲವು ಕೋಶಗಳ ವೋಲ್ಟೇಜ್ ಬದಲಾಯಿಸಿ ಅಲ್ಲೇ ಕಣ್ಣು ಬರಿಸಿದ್ರು. ಹಾಗಂತ ಜೀನ್ ಬೇಡ ಅಂತಲ್ಲ, ತೂಬು-ಪಂಪು ಕಟ್ಟೋದೇ ಜೀನು, ಅದು ಕೆಟ್ರೆ ಕಷ್ಟ. ಮನುಷ್ಯರಲ್ಲಿ ಆ್ಯಂಡರ್ಸನ್-ತಾವಿಲ್ ಅನ್ನೋ ಅಪರೂಪದ ಕಾಯಿಲೆ ಇದೆ, ಅದರಲ್ಲಿ ಪೊಟ್ಯಾಶಿಯಂ ತೂಬೇ ಕೆಟ್ಟಿರತ್ತೆ, ಹೃದಯ ಬಡಿತ ತಪ್ಪೋದು, ಆಗಾಗ ಮೈ ನಿಶ್ಶಕ್ತಿ ಆಗೋದರ ಜೊತೆಗೆ ದವಡೆ ಚಿಕ್ಕದು, ಕಣ್ಣುಗಳ ನಡುವೆ ಅಂತರ ಜಾಸ್ತಿ. ಮುಖದ ಆಕಾರಕ್ಕೂ ತೂಬಿಗೂ ಸಂಬಂಧ ಇದೆ ಅಂತ ಇದಕ್ಕಿಂತ ಇನ್ನೇನು ಬೇಕು.

ಪ್ರಶ್ನೆ: ಜಾತ್ರೆಯಲ್ಲಿ "ದೇಹದ ಕರೆಂಟ್ ಸರಿಮಾಡೋ" ಬೆಲ್ಟ್ ಎರಡೂವರೆ ಸಾವಿರಕ್ಕೆ ಮಾರ್ತಿದ್ರು. ಅಜ್ಜಿ ಮಂಡಿನೋವಿಗೆ ತರ್ಲಾ? (ತೀರ್ಥಹಳ್ಳಿ)

ಬೇಡ. ಕೂಡದ ಮೂಳೆಗೆ ವಿದ್ಯುತ್ ಕೊಡೋ ಸಾಧನಕ್ಕೆ ಅಮೆರಿಕದಲ್ಲಿ 1979ರಲ್ಲೇ ಅನುಮತಿ ಸಿಕ್ಕಿದೆ ನಿಜ, ಅದನ್ನ ಡಾಕ್ಟ್ರು ಎಕ್ಸ್‌ರೇ ನೋಡಿ, ಯಾವ ಮೂಳೆಗೆ ಎಷ್ಟು ದಿನ ಅಂತ ಬರ್ಕೊಡ್ತಾರೆ. ಬೆಲ್ಟಿನವನು ಅಜ್ಜಿ ಮಂಡಿನೇ ನೋಡಿಲ್ಲ. ದಿಕ್ಕು ಉಲ್ಟಾ ಆದ್ರೆ ಕೋಶ ಹಿಂದಕ್ಕೆ ಹೋಗತ್ತೆ ಅಂತ ಮೇಲೇ ಬರ್ದಿದ್ದೀನಲ್ಲ, ಪಾಸಿಟಿವ್ ಯಾವ ಕಡೆ ಬರತ್ತೆ ಅಂತ ಅವನನ್ನೇ ಒಂದ್ಸಲ ಕೇಳಿ ನೋಡಿ.