ಸಂರಕ್ಷಿತ ಕಾಡಿನಲ್ಲಿ ಕಾಲುದಾರಿ ಬಿಟ್ಟು ಸ್ವಲ್ಪ ಆಚೆ ಹೋದರೆ ನಿಜವಾಗಿಯೂ ಹಾನಿಯಾಗುತ್ತದೆಯೇ?

ಅನುಮತಿ ಸಿಕ್ಕಿದೆಯಲ್ಲ, ಖಂಡಿತ ಹೋಗಿ ಬನ್ನಿ. ದಿನಕ್ಕೆ ಇಂತಿಷ್ಟೇ ಜನ, ಮಾರ್ಗದರ್ಶಿ ಜೊತೆಗಿರಲೇಬೇಕು, ಗುರುತು ಹಾಕಿದ ದಾರಿ ಬಿಟ್ಟು ಇಳಿಯುವಂತಿಲ್ಲ ಎಂಬ ಷರತ್ತುಗಳು ಅತಿಯಾಯಿತು ಅನ್ನಿಸುತ್ತಿದೆ ಎಂದಿದ್ದೀರಿ. ಕಸ ಎಸೆಯದೆ, ಗಿಡ ಮುರಿಯದೆ, ಸದ್ದಿಲ್ಲದೆ ನಡೆಯುವವನೊಬ್ಬ ನಾಲ್ಕು ಹೆಜ್ಜೆ ಆಚೆ ಇಟ್ಟರೆ ಕಾಡಿಗೇನು ನಷ್ಟ ಎಂಬುದು ನಿಮ್ಮ ಪ್ರಶ್ನೆ.

ನಷ್ಟ ಮಾಡುವುದೇ ಆ ಮೊದಲ ಹೆಜ್ಜೆಗಳು. ಯಾರೂ ತುಳಿಯದ ನೆಲದ ಮೇಲೆ ಮೊದಲ ಕೆಲವು ಸಲದ ಓಡಾಟದಲ್ಲೇ ಹೆಚ್ಚಿನ ಹಾನಿ ಆಗಿಹೋಗುತ್ತದೆ. ತರಗೆಲೆಯ ಹಾಸು ಪುಡಿಯಾಗುತ್ತದೆ, ಮೇಲ್ಮಣ್ಣು ಅದುಮಿ ಗಟ್ಟಿಯಾಗುತ್ತದೆ, ಗಾಳಿ ಮತ್ತು ನೀರು ಇಳಿಯುವ ಸಣ್ಣ ಸಂದುಗಳು ಮುಚ್ಚುತ್ತವೆ, ಆಗಷ್ಟೇ ಮೊಳೆತ ಸಸಿ ಸಾಯುತ್ತದೆ. ಆಮೇಲೆ ಅದೇ ಜಾಗದಲ್ಲಿ ನೂರು ಜನ ನಡೆದರೂ ಹೊಸದಾಗಿ ಕೆಡುವುದು ಕಡಿಮೆ. ಹಾಗಾಗಿ ನೂರು ಜನ ಒಂದೇ ದಾರಿ ಹಿಡಿಯುವುದಕ್ಕೂ, ಅದೇ ನೂರು ಜನ ಎಷ್ಟೇ ಜೋಪಾನವಾಗಿ ನೂರು ಕಡೆ ಚದುರುವುದಕ್ಕೂ ಅಜಗಜಾಂತರ. ಕಾಲುದಾರಿ ಎಂದರೆ ಉಳಿದದ್ದನ್ನು ಕಾಪಾಡಲಿಕ್ಕಾಗಿ ನಮಗೆ ಬಿಟ್ಟುಕೊಟ್ಟ ನೆಲ. ಇದು ಮನಸ್ಸಿಗೆ ಬಂದ ಮೇಲೆ ಆ ಹಗ್ಗ, ಬೇಲಿ, ಫಲಕಗಳು ನನಗೆ ಒಮ್ಮೆಯೂ ಕಿರಿಕಿರಿ ಅನ್ನಿಸಿಲ್ಲ.

ಇನ್ನು ಕಣ್ಣಿಗೆ ಕಾಣದ ಸಂಗತಿಯೊಂದಿದೆ, ನನ್ನನ್ನು ಹೆಚ್ಚು ಕಾಡುವುದು ಅದೇ. ನ್ಯೂಜಿಲೆಂಡಿನ ಕೌರಿ ಮರಗಳು ನೂರಾರು ವರ್ಷ ಬಾಳುವ ದೈತ್ಯರು. ಆದರೆ ಅವು ಆಹಾರ ಹೀರುವ ಬೇರುಗಳು ಮಣ್ಣಿನ ಮೇಲ್ಪದರದಲ್ಲೇ ಹರಡಿರುತ್ತವೆ. ಮಣ್ಣಿನಲ್ಲಿರುವ ಫೈಟಾಫ್ತೊರಾ ಜಾತಿಯ ಸೂಕ್ಷ್ಮಜೀವಿಯೊಂದು ಆ ಬೇರುಗಳಿಗೆ ತಗುಲಿದರೆ ಮರ ತುದಿಯಿಂದ ಒಣಗುತ್ತಾ ಬರುತ್ತದೆ. ಪೂರ್ತಿ ಗುಣಪಡಿಸುವ ಮದ್ದಿಲ್ಲ. ರೋಗ ಹರಡಲು ಬೂಟಿನ ಅಡಿಗೆ ಮೆತ್ತಿದ ಚಿಟಿಕೆ ಮಣ್ಣು ಸಾಕು. ಆಕ್ಲೆಂಡ್ ಬಳಿಯ ವೈಟಾಕೆರೆ ಬೆಟ್ಟಗಳಲ್ಲಿ ಇದು ಹಬ್ಬಿದಾಗ, 2017ರ ಕೊನೆಗೆ ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಸಮುದಾಯ ತಮ್ಮ ಸಂಪ್ರದಾಯದಂತೆ ಕಾಡಿಗೆ ಯಾರೂ ಕಾಲಿಡಬಾರದೆಂದು ಘೋಷಿಸಿತು. 2018ರಲ್ಲಿ ನಗರಾಡಳಿತವೂ ಕಾಡಿನ ಬಹುಭಾಗವನ್ನು ಮುಚ್ಚಿತು. ಮುಂದೆ ಒಂದೊಂದೇ ದಾರಿಯನ್ನು ದುರಸ್ತಿ ಮಾಡಿ, ಬೇರಿನ ಮೇಲೆ ಹಲಗೆ ಹಾಸಿ, ಬೂಟು ಉಜ್ಜಿ ತೊಳೆಯುವ ವ್ಯವಸ್ಥೆ ಮಾಡಿ ತೆರೆಯುತ್ತಾ ಬಂದರು. ಅಲ್ಲಿ ನಡೆದುಹೋದವರಲ್ಲಿ ಕಾಡನ್ನು ಪ್ರೀತಿಸುವವರು ಎಷ್ಟು ಜನ ಇದ್ದಿರಬೇಕು! ಅವರ ಎಚ್ಚರಿಕೆಗೆ ಈ ಜೀವಿ ಸಿಗುವಂಥದ್ದಲ್ಲ.

ಪ್ರಾಣಿಪಕ್ಷಿಗಳ ವಿಷಯವೂ ಹಾಗೆಯೇ. ದಿನವೂ ಒಂದೇ ಗೆರೆಯಲ್ಲಿ ಹೋಗಿಬರುವ ಮನುಷ್ಯರಿಗೆ ಅನೇಕ ಪ್ರಾಣಿಗಳು ಒಗ್ಗಿಕೊಳ್ಳುತ್ತವೆ. ಪೊದೆಯಿಂದ ದಿಢೀರನೆ ಎದುರಾಗುವವನನ್ನು ಕಂಡರೆ ಮಾತ್ರ ಬೆದರಿ ಓಡುತ್ತವೆ. ನೆಲದಲ್ಲಿ ಗೂಡು ಕಟ್ಟುವ ಹಕ್ಕಿ ಎದ್ದುಹೋದರೆ ಮೊಟ್ಟೆಗೆ ಕಾವು ತಪ್ಪುತ್ತದೆ.

1914ರಲ್ಲಿ ಸ್ಥಾಪನೆಯಾದ ಸ್ವಿಟ್ಜರ್ಲೆಂಡಿನ ರಾಷ್ಟ್ರೀಯ ಉದ್ಯಾನದಲ್ಲಿ ದಾರಿ ಬಿಟ್ಟು ಇಳಿಯುವುದಕ್ಕೆ ನಿಷೇಧವಿದೆ, ಸರಪಳಿ ಹಾಕಿದ ನಾಯಿಗೂ ಪ್ರವೇಶವಿಲ್ಲ, ಚಳಿಗಾಲದಲ್ಲಿ ಪೂರ್ತಿ ಮುಚ್ಚಿರುತ್ತದೆ. ಇದನ್ನು ಅತಿ ಎನ್ನಲು ನನಗಂತೂ ಮನಸ್ಸು ಬಾರದು.

ಹೊರಡುವ ಮೊದಲು ಬೂಟಿನ ಹಳೆಯ ಮಣ್ಣನ್ನು ಬ್ರಷ್‌ನಿಂದ ಉಜ್ಜಿ, ತೊಳೆದು, ಒಣಗಿಸಿ. ಕಾಲುಚೀಲ, ಪ್ಯಾಂಟಿನ ಮಡಿಕೆ, ಬ್ಯಾಗಿನ ಪಟ್ಟಿಗಳಲ್ಲಿ ಅಂಟಿದ ಬೀಜಗಳನ್ನು ಕಿತ್ತು ಕಸದ ಬುಟ್ಟಿಗೆ ಹಾಕಿ. ಹೊರಗಿನ ಕಳೆ ಕಾಡಿನೊಳಗೆ ಸೇರುವುದು ಹೀಗೆಯೇ. ದಾರಿಯಲ್ಲಿ ಕೆಸರಿದ್ದರೆ ಬಳಸಿ ಹೋಗಬೇಡಿ, ಕೆಸರಿನಲ್ಲೇ ನಡೆಯಿರಿ. ಅಂಚು ಹಿಡಿದು ಹೋಗುವವರಿಂದಲೇ ದಾರಿ ವರ್ಷವರ್ಷ ಅಗಲವಾಗುವುದು. ಫೋಟೊ ಹಂಚಿಕೊಳ್ಳುವಾಗ ಗೂಡು ಅಥವಾ ಅಪರೂಪದ ಗಿಡ ಇರುವ ಜಾಗದ ಗುರುತು ಕೊಡಬೇಡಿ.

ಮಾರ್ಗದರ್ಶಿಯನ್ನು ಕಾವಲುಗಾರ ಅಂದುಕೊಳ್ಳಬೇಡಿ. ಹಿಕ್ಕೆ, ಉಗುರಿನ ಗೀರು, ಎಚ್ಚರಿಕೆಯ ಕೂಗು ಇವನ್ನೆಲ್ಲ ಓದಲು ಬಲ್ಲವರ ಹಿಂದೆ ನಡೆದರೆ, ದಾರಿಯಲ್ಲೇ ನಿಂತು ನೋಡಲಿಕ್ಕೆ ಎಷ್ಟಿದೆ ಎಂದು ಗೊತ್ತಾಗುತ್ತದೆ. ಅವರು ಸಾಕು, ವಾಪಸ್ ಹೋಗೋಣ ಎಂದರೆ ತುದಿ ಎದುರಿಗೇ ಕಾಣುತ್ತಿದ್ದರೂ ತಿರುಗಿಬಿಡಿ. ಕೊನೇ ಗಳಿಗೆಯಲ್ಲಿ ನಿಮಗೆ ಹೋಗಲಾಗದಿದ್ದರೆ ಅನುಮತಿಯನ್ನು ರದ್ದು ಮಾಡಿ. ಆ ಒಂದು ಜಾಗಕ್ಕಾಗಿ ಕಾಯುತ್ತಿರುವವರು ಇನ್ನೊಬ್ಬರು ಇರುತ್ತಾರೆ.