ರದ್ದತಿ ಪತ್ರಕ್ಕೆ ಸಹಿ ಹಾಕುವ ಮುನ್ನ

ಪ್ರಶ್ನೆ: ನಾನು ಬದಿಯಡ್ಕ ಸಮೀಪದವನು. ಶಾರ್ಜಾದ ಒಂದು ವ್ಯಾಪಾರ ಸಂಸ್ಥೆಯ ಗೋದಾಮಿನಲ್ಲಿ ಆರು ವರ್ಷ ನಾಲ್ಕು ತಿಂಗಳಿಂದ ಸ್ಟೋರ್ ಕೀಪರ್ ಆಗಿದ್ದೇನೆ. ಮೂಲ ವೇತನ 2,400 ದಿರ್ಹಂ, ಭತ್ಯೆಗಳು ಸೇರಿ 4,200. ವ್ಯಾಪಾರ ಕುಗ್ಗಿರುವುದರಿಂದ ಈ ತಿಂಗಳ ಕೊನೆಗೆ ಕೆಲಸ ಮುಗಿಯುತ್ತದೆಯೆಂದು ಮ್ಯಾನೇಜರರು ಕಳೆದ ವಾರ ನಮ್ಮಲ್ಲಿ ಐದು ಮಂದಿಗೆ ಬಾಯಿಮಾತಿನಲ್ಲಿ ತಿಳಿಸಿದರು. ಕ್ಯಾನ್ಸಲೇಷನ್ ಪೇಪರಿಗೆ (ಕೆಲಸದ ರದ್ದತಿ ಪತ್ರಕ್ಕೆ) ಈಗಲೇ ಸಹಿ ಹಾಕಿರಿ, ಗ್ರಾಚ್ಯುಟಿ ಆಮೇಲೆ ಊರಿನ ಖಾತೆಗೆ ಬರುತ್ತದೆ ಎನ್ನುತ್ತಾರೆ. ಪಾಸ್‌ಪೋರ್ಟ್ ಕಂಪೆನಿಯ ಕೈಯಲ್ಲಿದೆ. ಸಹಿ ಹಾಕದಿದ್ದರೆ ಓಡಿಹೋದವನೆಂದು ದಾಖಲಿಸುತ್ತಾರೆ ಎಂಬ ಭಯ ಎಲ್ಲರಲ್ಲಿದೆ. ಊರಿನಲ್ಲಿ ಅಡಿಕೆ ತೋಟದ ಮೇಲೆ ಸಹಕಾರಿ ಬ್ಯಾಂಕಿನ ಸಾಲವಿದೆ, ಬರಿಗೈಯಲ್ಲಿ ಬರಲಾರೆ. ಬೇರೆ ಕೆಲಸ ಸಿಗುವ ತನಕ ಗೆಳೆಯನ ಅಂಗಡಿಯಲ್ಲಿ ನಿಲ್ಲಬಹುದೇ? (ಹೆಸರು ಬೇಡ, ಶಾರ್ಜಾ)

ಉತ್ತರ: ಹಣ ಕೈಗೆ ಬರುವ ಮೊದಲು ಆ ಪತ್ರಕ್ಕೆ ಸಹಿ ಹಾಕಬೇಡಿ. ಆ ಹಾಳೆಯಲ್ಲಿ, ಅಥವಾ ಈಗ ಮೊಬೈಲಿನಲ್ಲಿ ಒಪ್ಪಿಗೆ ಕೇಳುವ ಅದರ ವಿದ್ಯುನ್ಮಾನ ರೂಪದಲ್ಲಿ, ವೇತನ, ರಜೆಯ ಹಣ, ಗ್ರಾಚ್ಯುಟಿ ಎಲ್ಲವನ್ನೂ ನಾನು ಪಡೆದಿದ್ದೇನೆ ಎಂಬ ಘೋಷಣೆ ಇರುತ್ತದೆ. ಪಡೆಯದೆ ಹಾಗೆ ಬರೆದುಕೊಟ್ಟವರು ಮುಂದೆ ದೂರು ಕೊಟ್ಟರೆ, ಅವರದೇ ಸಹಿ ಅವರ ಎದುರು ಸಾಕ್ಷಿಯಾಗಿ ನಿಲ್ಲುತ್ತದೆ. ಊರಿನ ಖಾತೆಗೆ ಹಾಕುತ್ತೇವೆ ಎಂಬ ಮಾತು ಸುಳ್ಳೆಂದು ನಾನು ಹೇಳುತ್ತಿಲ್ಲ, ಮಾತು ಉಳಿಸಿಕೊಳ್ಳುವ ಸಂಸ್ಥೆಗಳೂ ಇವೆ. ಆದರೆ ಹಣ ಕೊಡುವ ಮನಸ್ಸಿರುವವರಿಗೆ ಸಹಿಯ ದಿನವೇ ಕೊಡಲು ಏನು ಅಡ್ಡಿ ಎಂದು ನೀವು ವಿನಯದಿಂದಲೇ ಕೇಳಬಹುದು.

ನಿಮ್ಮ ಪತ್ರದಲ್ಲಿ ಕೆಲಸ ಹೋಗುವುದೂ ವೀಸಾ ಹೋಗುವುದೂ ಒಂದೇ ಎಂಬಂತೆ ಇದೆ. ಕೆಲಸದ ಕರಾರು ಕೊನೆಗೊಂಡ ಮೇಲೆ ಮಾಲೀಕರು ಲೇಬರ್ ಪರ್ಮಿಟ್ಟನ್ನು, ಅಂದರೆ ಅಲ್ಲಿ ದುಡಿಯುವ ಪರವಾನಿಗೆಯನ್ನು, ರದ್ದುಗೊಳಿಸುತ್ತಾರೆ, ಅದರ ಬೆನ್ನಿಗೆ ವಾಸದ ವೀಸಾ ರದ್ದಾಗುತ್ತದೆ, ಆ ಬಳಿಕ ದೇಶದಲ್ಲಿ ಇರಲು ಒಂದಷ್ಟು ದಿನಗಳ ಅವಕಾಶ ದೊರೆಯುತ್ತದೆ. ಹಣದ ಲೆಕ್ಕ, ವಿಮೆ, ಹೊಸ ಕೆಲಸ ಇವೆಲ್ಲ ಈ ಮೆಟ್ಟಿಲುಗಳ ನಡುವಿನ ಅವಧಿಯಲ್ಲಿಯೇ ಆಗಬೇಕಾದವುಗಳು. ಗಾಬರಿಯಲ್ಲಿ ಮೂರನ್ನೂ ಒಂದೇ ದಿನ ಮುಗಿಸಿ ಮಂಗಳೂರಿನ ವಿಮಾನ ಹತ್ತಿದವರು, ಊರಿಗೆ ಬಂದು ತಿಂಗಳಾದ ಮೇಲೆ ಈ ಅಂಕಣಕ್ಕೆ ಬರೆಯುತ್ತಾರೆ. ಅಷ್ಟು ಹೊತ್ತಿಗೆ ಹೇಳುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ.

ಬಾಯಿಮಾತಿನ ಸೂಚನೆ ಸಾಲದು. 2022ರ ಫೆಬ್ರವರಿ 2ರಿಂದ ಜಾರಿಯಲ್ಲಿರುವ ಯುಎಇಯ ಕಾರ್ಮಿಕ ಕಾಯ್ದೆಯಂತೆ (2021ರ 33ನೆಯ ಕಾಯ್ದೆ) ಕರಾರನ್ನು ಕೊನೆಗೊಳಿಸುವವರು ಲಿಖಿತ ನೋಟಿಸು ಕೊಡಬೇಕು. ಅವಧಿ 30 ದಿನಕ್ಕಿಂತ ಕಡಿಮೆಯೂ 90 ದಿನಕ್ಕಿಂತ ಹೆಚ್ಚೂ ಇರಬಾರದು. ನಿಮ್ಮ ಕರಾರಿನಲ್ಲಿ ಎಷ್ಟು ದಿನವೆಂದು ಬರೆದಿದೆಯೆಂಬುದನ್ನು ಮೊದಲು ನೋಡಿಕೊಳ್ಳಿ. ಆ ಅವಧಿಗೆ ಪೂರ್ಣ ವೇತನ ಸಲ್ಲಬೇಕು, ನೋಟಿಸು ಕೊಡದೆ ಕಳುಹಿಸಿದರೆ ಅಷ್ಟೇ ದಿನಗಳ ವೇತನವನ್ನು ಪರಿಹಾರವಾಗಿ ಕೊಡಬೇಕು. ಮಾಲೀಕರೇ ಕೆಲಸದಿಂದ ತೆಗೆದಾಗ, ನೋಟಿಸಿನ ಅವಧಿಯಲ್ಲಿ ಬೇರೆ ಕೆಲಸ ಹುಡುಕುವುದಕ್ಕಾಗಿ ವಾರಕ್ಕೊಂದು ದಿನ ವೇತನವಿಲ್ಲದ ರಜೆಯನ್ನು ಪಡೆಯುವ ಹಕ್ಕು ನಿಮಗಿದೆ. ಮೂರು ದಿನ ಮೊದಲು ತಿಳಿಸಿದರಾಯಿತು. ಮ್ಯಾನೇಜರರು ಹೇಳಿದ್ದನ್ನು ನೀವೇ ಒಂದು ಇಮೇಲ್ ಮಾಡಿ, ಇಂಥ ದಿನ ಹೀಗೆ ತಿಳಿಸಿದ್ದೀರಿ, ದಯವಿಟ್ಟು ಲಿಖಿತವಾಗಿ ಖಚಿತಪಡಿಸಿರಿ ಎಂದು ಕಳುಹಿಸಿ. ಉತ್ತರ ಬಾರದಿದ್ದರೂ ಅದೊಂದು ದಾಖಲೆಯೇ.

ಇನ್ನು ಗ್ರಾಚ್ಯುಟಿ. ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ, ಆ ಮೇಲಿನ ಪ್ರತಿ ವರ್ಷಕ್ಕೆ 30 ದಿನಗಳ ಮೂಲ ವೇತನವನ್ನು ಕೊಡಬೇಕು. ಭತ್ಯೆಗಳು ಇದರಲ್ಲಿ ಸೇರುವುದಿಲ್ಲ. 4,200ರ ಮೇಲೆ ಲೆಕ್ಕ ಹಾಕಿ ನಿರಾಶರಾಗುವವರು ಬಹಳ. ನಿಮ್ಮ ದಿನದ ಮೂಲ ವೇತನ 80 ದಿರ್ಹಂ. 21 ದಿನಕ್ಕೆ 1,680ರಂತೆ ಐದು ವರ್ಷಕ್ಕೆ 8,400, ಆರನೆಯ ವರ್ಷಕ್ಕೆ 2,400, ಉಳಿದ ನಾಲ್ಕು ತಿಂಗಳಿಗೆ 800, ಒಟ್ಟು 11,600 ದಿರ್ಹಂ. ನಡುವೆ ವೇತನವಿಲ್ಲದ ರಜೆಯಲ್ಲಿ ಊರಿಗೆ ಬಂದಿದ್ದರೆ ಆ ದಿನಗಳನ್ನು ಸೇವಾವಧಿಯಿಂದ ಕಳೆಯುತ್ತಾರೆ, ಆದ್ದರಿಂದ ಮೊತ್ತದಲ್ಲಿ ತುಸು ಇಳಿಕೆಯಾದರೆ ಜಗಳಕ್ಕೆ ಹೋಗುವ ಮೊದಲು ಹಳೆಯ ರಜೆಗಳನ್ನು ನೆನಪಿಸಿಕೊಳ್ಳಿ. ಇದಲ್ಲದೆ ಬಾಕಿ ವೇತನ ಮತ್ತು ಬಳಸದೆ ಉಳಿದ ವಾರ್ಷಿಕ ರಜೆಗೆ ಮೂಲ ವೇತನದಂತೆ ಹಣ ಬರಬೇಕು. ಇವೆಲ್ಲವನ್ನೂ ಕರಾರು ಮುಗಿದ 14 ದಿನಗಳ ಒಳಗೆ ಪಾವತಿಸಬೇಕೆಂಬುದು ಕಾಯ್ದೆಯ ಮಾತು. ನೀವು ಅಲ್ಲಿಯೇ ಹೊಸ ಕೆಲಸ ಸೇರದೆ ಮರಳುವುದಾದರೆ ವಿಮಾನದ ಟಿಕೆಟಿನ ಹಣವೂ ಅವರದೇ. ಶಾರ್ಜಾದ ಬ್ಯಾಂಕಿನಲ್ಲಿ ವೈಯಕ್ತಿಕ ಸಾಲವಿದ್ದರೆ ಮಾತ್ರ ಎಚ್ಚರ ಬೇಕು: ಕೊನೆಯ ಲೆಕ್ಕದ ಹಣ ಆ ಖಾತೆಗೆ ಬಿದ್ದೊಡನೆ ಬ್ಯಾಂಕು ಅದನ್ನು ಹಿಡಿದಿಡುವುದು ಸಾಮಾನ್ಯ. ಕಂತುಗಳ ಬಗೆಗೆ ಮೊದಲೇ ಹೋಗಿ ಮಾತನಾಡಿರಿ.

ನಿಮ್ಮ ಪತ್ರದಲ್ಲಿ ಪ್ರಸ್ತಾಪವೇ ಇಲ್ಲದ ಒಂದು ವಿಷಯವಿದೆ. 2023ರ ಜನವರಿ 1ರಿಂದ ಆ ದೇಶದಲ್ಲಿ ಉದ್ಯೋಗ ನಷ್ಟ ವಿಮೆ ಕಡ್ಡಾಯವಾಗಿದೆ. ಮೂಲ ವೇತನ 16,000 ದಿರ್ಹಂ ಮೀರದವರಿಗೆ ತಿಂಗಳಿಗೆ 5 ದಿರ್ಹಂ ಕಂತು. ದಂಡ ತಪ್ಪಿಸಿಕೊಳ್ಳಲೆಂದು ಸರಕಾರಿ ಅರ್ಜಿಗಳನ್ನು ತುಂಬಿಸಿಕೊಡುವ ಟೈಪಿಂಗ್ ಸೆಂಟರಿಗೆ ಹೋಗಿ ಹಣ ಕಟ್ಟಿ ಮರೆತುಬಿಟ್ಟಿರುವ ಸಾಧ್ಯತೆ ಇದೆ. ಸತತವಾಗಿ 12 ತಿಂಗಳು ಕಂತು ಕಟ್ಟಿದ್ದು, ರಾಜೀನಾಮೆ ಕೊಡದೆ, ಶಿಸ್ತುಕ್ರಮದ ಕಾರಣವೂ ಇಲ್ಲದೆ ಕೆಲಸ ಕಳೆದುಕೊಂಡರೆ, ಮೂಲ ವೇತನದ ಶೇಕಡಾ 60ರಷ್ಟನ್ನು ಗರಿಷ್ಠ ಮೂರು ತಿಂಗಳು ಕೊಡುತ್ತಾರೆ. ನಿಮಗೆ ತಿಂಗಳಿಗೆ 1,440ರಂತೆ 4,320 ದಿರ್ಹಂ ಆಯಿತು. ಅರ್ಜಿಯನ್ನು ಕೆಲಸ ಹೋದ 30 ದಿನಗಳ ಒಳಗೆ ಹಾಕಬೇಕು, ಮತ್ತು ದೇಶ ಬಿಟ್ಟರೆ ಅಥವಾ ಹೊಸ ಕೆಲಸ ಸೇರಿದರೆ ಹಣ ನಿಲ್ಲುತ್ತದೆ. ಈ ಕಾರಣಕ್ಕೇ, ರಾಜೀನಾಮೆ ಎಂದು ಬರೆದುಕೊಟ್ಟರೆ ಎಲ್ಲ ಬೇಗ ಮುಗಿಯುತ್ತದೆ ಎಂದು ಯಾರಾದರೂ ಸಲಹೆ ಕೊಟ್ಟರೆ ಕಿವಿಗೊಡಬೇಡಿ. ರಾಜೀನಾಮೆ ಕೊಟ್ಟವರಿಗೆ ಈ ವಿಮೆಯಿಂದ ಬಿಡಿಗಾಸೂ ದೊರೆಯದು.

ಓಡಿಹೋದವನೆಂಬ ದೂರಿನ ಭಯಕ್ಕೆ ಉತ್ತರ ಸುಲಭವಾಗಿದೆ, ಪಾಲಿಸುವುದು ಸ್ವಲ್ಪ ಕಷ್ಟ. ನೌಕರನು ಎಲ್ಲಿದ್ದಾನೆಂದು ಮಾಲೀಕರಿಗೆ ತಿಳಿಯದೆ, ಸೂಕ್ತ ಕಾರಣವೂ ಇಲ್ಲದೆ, ಸತತ ಏಳು ದಿನಗಳಿಗಿಂತ ಹೆಚ್ಚು ಗೈರುಹಾಜರಾದಾಗ ಮಾತ್ರ ಅಂಥ ದೂರಿಗೆ ಆಧಾರವಿರುತ್ತದೆ. ಆದುದರಿಂದ ಮುನಿಸಿಕೊಂಡು ಕೋಣೆಯಲ್ಲಿ ಕುಳಿತುಕೊಳ್ಳದೆ ಕೊನೆಯ ದಿನದ ತನಕ ಗೋದಾಮಿಗೆ ಹೋಗಿರಿ, ಹಾಜರಿ ಒತ್ತಿರಿ, ಬಾಗಿಲಲ್ಲಿ ತಡೆದರೆ ಅಲ್ಲಿಂದಲೇ ಮ್ಯಾನೇಜರರಿಗೆ ವಾಟ್ಸಾಪ್ ಸಂದೇಶ ಕಳುಹಿಸಿರಿ. ನೌಕರನ ಪಾಸ್‌ಪೋರ್ಟನ್ನು ಮಾಲೀಕರು ಇಟ್ಟುಕೊಳ್ಳುವುದು ಕಾಯ್ದೆಗೆ ವಿರುದ್ಧ. ಸುರಕ್ಷತೆಗಾಗಿ ಇಟ್ಟಿದ್ದೇವೆ ಎಂಬ ಹಳೆಯ ಸಮಜಾಯಿಷಿಗೆ ಬೆಲೆಯಿಲ್ಲ. ಅದನ್ನೂ ಅದೇ ಇಮೇಲಿನಲ್ಲಿ ಕೇಳಿ.

ಮಾತಿನಲ್ಲಿ ಬಗೆಹರಿಯದಿದ್ದರೆ ಮಾನವ ಸಂಪನ್ಮೂಲ ಸಚಿವಾಲಯಕ್ಕೆ, ಅಂದರೆ ನೀವೆಲ್ಲ ಲೇಬರ್ ಎಂದು ಕರೆಯುವ ಕಚೇರಿಗೆ, ಅದರ ಆ್ಯಪ್ ಮೂಲಕ ಅಥವಾ 600590000 ಸಂಖ್ಯೆಗೆ ಕರೆ ಮಾಡಿ ದೂರು ಕೊಡಬಹುದು. 50,000 ದಿರ್ಹಂ ಮೀರದ ವಿವಾದಗಳಲ್ಲಿ 2024ರ ಆರಂಭದಿಂದ ಸಚಿವಾಲಯವೇ ತೀರ್ಮಾನ ಕೊಡುತ್ತದೆ, ನಿಮ್ಮದು ಆ ಮಿತಿಯೊಳಗೇ ಇದೆ. ಪ್ರಕರಣ ನ್ಯಾಯಾಲಯಕ್ಕೆ ಹೋದರೂ 1,00,000 ದಿರ್ಹಂ ತನಕದ ಕಾರ್ಮಿಕ ದಾವೆಗಳಿಗೆ ಶುಲ್ಕವಿಲ್ಲ. ದೂರಿನ ಅವಧಿ ಈಗ ಕೆಲಸ ಮುಗಿದಂದಿನಿಂದ ಎರಡು ವರ್ಷ. ಹಾಗೆಂದು ಊರಿಗೆ ಬಂದು ಕೊಡೋಣವೆಂದು ಕಾಯಬೇಡಿ, ಇಲ್ಲಿಂದ ಅಧಿಕಾರಪತ್ರ ಮಾಡಿಸಿ ದೃಢೀಕರಿಸಿ ಕಳುಹಿಸುವ ಅಲೆದಾಟ ದೊಡ್ಡದು. ದುಬಾಯಿಯ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ 800 46342 ಸಂಖ್ಯೆಗೆ ಅಲ್ಲಿಂದ ಉಚಿತವಾಗಿ ಕರೆ ಮಾಡಬಹುದು. ಐದು ಮಂದಿ ಇದ್ದೀರಲ್ಲ, ಒಟ್ಟಾಗಿ ಹೋಗಿರಿ.

ಹೊಸ ಕೆಲಸಕ್ಕೆ ಅಡ್ಡಿಯಿಲ್ಲ. ವೀಸಾ ರದ್ದಾದ ಬಳಿಕ ದೊರೆಯುತ್ತಿದ್ದ 30 ದಿನಗಳ ಅವಕಾಶವನ್ನು 2022ರ ಸುಧಾರಣೆಯಲ್ಲಿ ವಿಸ್ತರಿಸಿದ್ದಾರೆ. ವೀಸಾದ ವರ್ಗಕ್ಕೆ ಅನುಸಾರವಾಗಿ ಅದು ಆರು ತಿಂಗಳವರೆಗೂ ಹೋಗುತ್ತದೆ. ಸಹೋದ್ಯೋಗಿಗೆ ಎಷ್ಟು ಸಿಕ್ಕಿತೆಂದು ಕೇಳಿ ನಂಬಬೇಡಿ, ನಿಮ್ಮ ವೀಸಾ ರದ್ದತಿ ಪತ್ರದಲ್ಲಿ ನಮೂದಾಗಿರುವ ಕೊನೆಯ ದಿನಾಂಕವೇ ನಿಮ್ಮದು. ಅದನ್ನು ಮೀರಿದರೆ ದಿನಕ್ಕೆ 50 ದಿರ್ಹಂ ದಂಡ ಬೆಳೆಯುತ್ತದೆ. ಆ ದಿನಾಂಕದೊಳಗೆ ಹೊಸ ಮಾಲೀಕರು ನಿಮ್ಮ ಹೆಸರಿನಲ್ಲಿ ಪರ್ಮಿಟ್ ತೆಗೆದರೆ ಊರಿಗೆ ಬಂದು ಮರಳಬೇಕಾಗಿಲ್ಲ. ಪರ್ಮಿಟ್ಟಿನ ಖರ್ಚನ್ನು ನಿಮ್ಮಿಂದ ವಸೂಲು ಮಾಡುವುದು ನಿಷಿದ್ಧ.

ಗೆಳೆಯನ ಅಂಗಡಿಯ ವಿಚಾರಕ್ಕೆ ಬರುತ್ತೇನೆ. ನಿಲ್ಲಬೇಡಿ. ಪರ್ಮಿಟ್ ಇಲ್ಲದವರನ್ನು ದುಡಿಸಿದ ಮಾಲೀಕರಿಗೆ 2024ರ ತಿದ್ದುಪಡಿಯ ಬಳಿಕ 1 ಲಕ್ಷದಿಂದ 10 ಲಕ್ಷ ದಿರ್ಹಂ ತನಕ ದಂಡವಿದೆ. ಸಹಾಯ ಮಾಡಹೊರಟ ಗೆಳೆಯನ ಅಂಗಡಿ ಮುಚ್ಚಿಹೋದೀತು. ನೀವೂ ಗಡೀಪಾರಿನ ಅಪಾಯಕ್ಕೆ ಒಳಗಾಗುತ್ತೀರಿ. ಗೆಳೆಯನಿಗೆ ನಿಜವಾಗಿ ಆಳು ಬೇಕಿದ್ದರೆ ಕ್ರಮಬದ್ಧವಾಗಿ ಪರ್ಮಿಟ್ ತೆಗೆಯಲಿ.

ಸಹಕಾರಿ ಬ್ಯಾಂಕಿನ ಸಾಲದ ಬಗೆಗೆ ಒಂದೇ ಮಾತು: ಕಂತು ತಪ್ಪುವ ಮೊದಲೇ ಮನೆಯವರು ಹೋಗಿ ಕಾರ್ಯದರ್ಶಿಗಳ ಬಳಿ ವಿಷಯ ಹೇಳಿ, ಅವಧಿ ಬದಲಾವಣೆಗೆ ಲಿಖಿತ ಅರ್ಜಿ ಕೊಡಲಿ. ತಪ್ಪಿದ ಮೇಲೆ ಕೇಳುವ ಅರ್ಜಿಗೂ ಮೊದಲೇ ಕೇಳುವ ಅರ್ಜಿಗೂ ಬಹಳ ಅಂತರವಿದೆ.

ಪ್ರಶ್ನೆ: ನನ್ನ ಯಜಮಾನರು ಒಂಬತ್ತು ವರ್ಷ ಕುವೈತಿನಲ್ಲಿದ್ದು, ಕಂಪೆನಿ ಮುಚ್ಚಿದ್ದರಿಂದ ಊರಿಗೆ ಮರಳಿದ್ದಾರೆ. ವಯಸ್ಸು 52. ಕನ್ನಡಿಗರಾದ ನಮಗೆ ನೆರವು ಕೇರಳ ಸರಕಾರದಿಂದ ದೊರೆಯುತ್ತದೆಯೇ, ಕರ್ನಾಟಕದಿಂದಲೇ? (ಓದುಗರು, ಮಂಜೇಶ್ವರ)

ಉತ್ತರ: ಇಂಥ ಯೋಜನೆಗಳಲ್ಲಿ ನೋಡುವುದು ಭಾಷೆಯನ್ನಲ್ಲ, ವಾಸಸ್ಥಳವನ್ನು. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ನಮ್ಮ ಸರಕಾರ ತಿರುವನಂತಪುರದಲ್ಲಿದೆ. ಮನಸ್ಸು ಎಲ್ಲಿದ್ದರೂ ರೇಷನ್ ಕಾರ್ಡ್ ಕೇರಳದ್ದೇ. ಗಲ್ಫಿನಿಂದ ಮರಳಿದವರ ಮಟ್ಟಿಗೆ ಅದರಿಂದ ನಷ್ಟವಿಲ್ಲ, ಏಕೆಂದರೆ ಪ್ರವಾಸಿಗಳಿಗಾಗಿ, ಅಂದರೆ ಹೊರನಾಡಿನಲ್ಲಿ ದುಡಿಯುವವರಿಗಾಗಿ, 1996ರಲ್ಲೇ ಪ್ರತ್ಯೇಕ ಇಲಾಖೆಯನ್ನು ತೆರೆದ ರಾಜ್ಯವಿದು.

ಎರಡು ದಾರಿಗಳಿವೆ. ಸ್ವಂತ ಉದ್ಯಮ ಆರಂಭಿಸುವ ಆಲೋಚನೆಯಿದ್ದರೆ, ಕನಿಷ್ಠ ಎರಡು ವರ್ಷ ವಿದೇಶದಲ್ಲಿ ದುಡಿದು ಶಾಶ್ವತವಾಗಿ ಮರಳಿದವರಿಗಾಗಿ ಆ ಇಲಾಖೆಯ ಸಂಸ್ಥೆಯಾದ ನೋರ್ಕಾ ರೂಟ್ಸ್ ನಡೆಸುವ ಎನ್‌ಡಿಪ್ರೆಮ್ ಯೋಜನೆ ಇದೆ. 30 ಲಕ್ಷ ರೂಪಾಯಿ ತನಕದ ಯೋಜನೆಗಳಿಗೆ ಬ್ಯಾಂಕ್ ಸಾಲ, ಅದರ ಮೇಲೆ ಶೇಕಡಾ 15ರಷ್ಟು, ಗರಿಷ್ಠ 3 ಲಕ್ಷ ರೂಪಾಯಿ ಸಬ್ಸಿಡಿ, ಕಂತು ತಪ್ಪದೆ ಕಟ್ಟಿದವರಿಗೆ ಮೊದಲ ನಾಲ್ಕು ವರ್ಷ ಶೇಕಡಾ 3ರ ಬಡ್ಡಿ ರಿಯಾಯಿತಿ. ಸಾಲ ಕೊಡುವವರು ಬ್ಯಾಂಕಿನವರೇ ಹೊರತು ನೋರ್ಕಾ ಅಲ್ಲ ಎಂಬುದನ್ನು ನೆನಪಿಡಿ. ಸಬ್ಸಿಡಿಯ ಆಸೆಗೆ ಗೊತ್ತಿಲ್ಲದ ವ್ಯಾಪಾರಕ್ಕೆ ಕೈಹಾಕಬೇಡಿ. ಎರಡನೆಯದು ಕೇರಳ ಪ್ರವಾಸಿ ಕ್ಷೇಮನಿಧಿ ಮಂಡಳಿಯ ಸದಸ್ಯತ್ವ. 60 ವರ್ಷ ತುಂಬುವ ಮೊದಲು ಸೇರಬಹುದು, ಕನಿಷ್ಠ ಐದು ವರ್ಷ ವಂತಿಗೆ ಕಟ್ಟಿದವರಿಗೆ 60ರ ಬಳಿಕ ಪಿಂಚಣಿ ಇದೆ. 52ರಲ್ಲಿರುವವರಿಗೆ ಇದು ಇಂದೇ ಮಾಡಬೇಕಾದ ಕೆಲಸ. ನನ್ನನ್ನು ಕೇಳಿದರೆ ಸಾಲದ ಅರ್ಜಿಗಿಂತ ಇದೇ ಮೊದಲು.

ನೋರ್ಕಾದ ಉಚಿತ ಸಂಖ್ಯೆ 1800 425 3939. ಅರ್ಜಿಯನ್ನು ಸರಕಾರಿ ಆನ್‌ಲೈನ್ ಸೇವೆಗಳ ಅಕ್ಷಯ ಕೇಂದ್ರದಲ್ಲಿ ಭರ್ತಿ ಮಾಡಿಸುವಾಗ ಮಲಯಾಳಂ ಬಾರದೆಂದು ಹಿಂಜರಿಯಬೇಡಿ. ವಿಲ್ಲೇಜ್ ಆಫೀಸಿನಿಂದ ಬೇಕಾಗುವ ಪತ್ರಗಳಿಗೆ ನೀವು ಕನ್ನಡದಲ್ಲಿಯೇ ಬರೆದುಕೊಡಬಹುದು, ಭಾಷಾ ಅಲ್ಪಸಂಖ್ಯಾತ ಪ್ರದೇಶಗಳ ಸ್ಥಳೀಯ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕನ್ನು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ನಮಗೆ ಕೊಟ್ಟಿದೆ. ಅವಧಿ ಮುಗಿದ ಹಳೆಯ ಪಾಸ್‌ಪೋರ್ಟುಗಳನ್ನು ಕಪಾಟಿನಿಂದ ಹುಡುಕಿ ತೆಗೆದಿಡಿ, ಒಂಬತ್ತು ವರ್ಷ ಅಲ್ಲಿದ್ದರೆಂಬುದಕ್ಕೆ ಅವುಗಳಲ್ಲಿರುವ ವೀಸಾ ಮತ್ತು ಪ್ರಯಾಣದ ಮುದ್ರೆಗಳೇ ಪುರಾವೆ.