ಗಂಡು ಬಾತುಗಳು ತಡವಾಗಿ ಬರುತ್ತವೆಯೇ?
ಶರತ್ಕಾಲದ ಮೊದಲ ಪಕ್ಷಿವೀಕ್ಷಣೆಯಲ್ಲಿ ಕೆರೆಯ ತುಂಬ ಹೆಣ್ಣು ಬಾತುಗಳೇ ಕಂಡವೆಂದೂ ಗಂಡುಗಳು ತಡವಾಗಿ ಬರುತ್ತವೆಯೇ ಎಂದೂ ಕೇಳಿದ್ದೀರಿ. ಗಂಡುಗಳು ಬಹುಶಃ ನಿಮ್ಮ ಕಣ್ಣೆದುರಿಗೇ ಇದ್ದವು. ಮರಿಮಾಡುವ ಕಾಲ ಮುಗಿಯುತ್ತಿದ್ದಂತೆ ಉತ್ತರ ಗೋಳಾರ್ಧದ ಹೆಚ್ಚಿನ ಬಾತುಗಳಲ್ಲಿ ಗಂಡು ತನ್ನ ಬಣ್ಣದ ಗರಿಗಳನ್ನು ಉದುರಿಸಿ, ಹೆಣ್ಣನ್ನು ಹೋಲುವ ಮಂಕು ಕಂದು ಪುಕ್ಕವನ್ನು ತಳೆಯುತ್ತದೆ; ಹಾರುವ ಗರಿಗಳೂ ಒಟ್ಟಿಗೇ ಬಿದ್ದು ಕೆಲವು ವಾರ ಹಾರಲಾಗದ ಆ ಅವಧಿಯಲ್ಲಿ ಈ ವೇಷವೇ ಅದಕ್ಕೆ ರಕ್ಷಣೆ. ಚಳಿಗಾಲ ಬಲಿಯುವ ಹೊತ್ತಿಗೆ ಬಣ್ಣ ಮರಳುತ್ತದೆ. ಅಲ್ಲಿಯವರೆಗೆ ಮೈಬಣ್ಣವನ್ನು ನಂಬದೆ ಕೊಕ್ಕನ್ನು ಗಮನಿಸಿ: ಮಲ್ಲಾರ್ಡ್ ಎಂಬ ಜಾತಿಯ ಬಾತಿನಲ್ಲಿ ಗಂಡಿನ ಕೊಕ್ಕು ಆಗಲೂ ಹಳದಿಯಾಗಿಯೇ ಉಳಿಯುತ್ತದೆ, ಹೆಣ್ಣಿನದು ಕಿತ್ತಳೆ ಬಣ್ಣದ ಮೇಲೆ ಕಪ್ಪು ಮಚ್ಚೆಗಳುಳ್ಳದ್ದು. ಸಂದೇಹವಿದ್ದಾಗ ಲಿಂಗವನ್ನು ನಮೂದಿಸದೆ ಎಣಿಕೆಯನ್ನಷ್ಟೇ ಬರೆದಿಡುವುದು, ನನ್ನ ಮಟ್ಟಿಗೆ, ಪ್ರಾಮಾಣಿಕ ಕ್ರಮ.